ಎತ್ತಿಗೂ ಸೋಮವಾರ ರಜಾ

ಬೆಂಗಳೂರಿನಲ್ಲಿ ಹುಟ್ಟುವಾಗ ಕಾನೂನು ಗಂಭೀರವಾಗಿಯೇ ಇರುತ್ತದೆ. ಕೂಡ್ಲಿಗಿ ದಾಟಿ ನಮ್ಮ ಕಡೆ ಬಸ್ಸಿನಿಂದ ಇಳಿಯುವಷ್ಟರಲ್ಲಿ ಅದಕ್ಕೆ ಏನಾದರೊಂದು ಆಗಿಯೇ ತೀರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಆ ಭಾಗದ ಕಾರ್ಮಿಕ ನಿರೀಕ್ಷಕ. ಜನರ ಬಾಯಲ್ಲಿ ‘ಲೇಬರ್ ಸಾಹೇಬ್ರು’. ಹಡಗಲಿಯಿಂದ ಹರಪನಹಳ್ಳಿವರೆಗೆ ಕೆಂಪು ಬಸ್ಸೇ ನನ್ನ ಆಫೀಸು. ಕೆಲಸಗಾರರಿಗೆ ಸಿಗಬೇಕಾದ್ದನ್ನು ಕೊಡಿಸಿಯೇ ಬರುತ್ತೇನೆಂಬ ಧೈರ್ಯ ನನಗೆ ಮೊದಲಿನಿಂದಲೂ ಸ್ವಲ್ಪ ಜಾಸ್ತಿ.

ಬೂಟು ಬಂದವು

ಕೊಟ್ಟೂರಿನ ಒಂದು ಶೇಂಗಾ ಎಣ್ಣೆ ಮಿಲ್ಲು. ನೆಲವೆಲ್ಲ ಎಣ್ಣೆ, ಕೆಲಸಗಾರರೆಲ್ಲ ಬರಿಗಾಲು. ದಿನಕ್ಕೊಬ್ಬರಾದರೂ ಜಾರಿ ಬೀಳುತ್ತಿದ್ದರು. ಎಲ್ಲರಿಗೂ ರಬ್ಬರ್ ಬೂಟು ಕೊಡಲೇಬೇಕು ಎಂದು ಮಾಲೀಕರಿಗೆ ಖಡಕ್ಕಾಗಿ ಹೇಳಿ ಬಂದೆ.

ದಸರೆ ಮುಗಿಸಿ ಮತ್ತೆ ಹೋದರೆ ಮತ್ತದೇ ಬರಿಗಾಲು. ಬೂಟು ಎಲ್ಲಿ ಎಂದು ಗದರಿದೆ. ಮಾಲೀಕರು ಬಹಳ ಹೆಮ್ಮೆಯಿಂದ ತಮ್ಮ ಕೋಣೆಗೆ ಕರೆದೊಯ್ದರು. ದೇವರ ಪಟದ ಕೆಳಗೆ, ಮಣೆಯ ಮೇಲೆ ಬೂಟುಗಳು ಸಾಲಾಗಿ ಕೂತಿದ್ದವು. ಒಂದೊಂದಕ್ಕೂ ವಿಭೂತಿ, ಕುಂಕುಮ, ಮೇಲೊಂದು ಚೆಂಡು ಹೂವು. ಮಿಲ್ಲಿಗೆ ಹೊಸದಾಗಿ ಏನೇ ಬಂದರೂ ಆಯುಧಪೂಜೆ ಮಾಡಿಯೇ ಬಳಸುವುದು ಅವರ ಪದ್ಧತಿ. ಪೂಜೆ ಸಾಂಗವಾಗಿ ಆಗಿತ್ತು. ಆದರೆ ವಿಭೂತಿ ಹಚ್ಚಿದ್ದರೊಳಗೆ ಕಾಲಿಡಲು ಒಬ್ಬರೂ ಒಪ್ಪಿರಲಿಲ್ಲ.

ಒರೆಸಿ ಹಾಕಿಕೊಳ್ಳಿ ಎಂದೆ. ಎಲ್ಲರೂ ಕೆನ್ನೆಗೆ ಬಡಿದುಕೊಂಡರು. ಬೇರೆ ಬೂಟು ತರಿಸದೆ ಗತಿಯಿರಲಿಲ್ಲ. ಹೊರಡುವಾಗ ಕಾಳು ಹಸನು ಮಾಡುತ್ತಿದ್ದ ಹೆಂಗಸೊಬ್ಬಳು ನನಗೆ ಸಮಾಧಾನ ಹೇಳಿದಳು.

“ಇರ್ಲಿ ಬಿಡ್ರಿ ಸಾಹೇಬ್ರ, ನಮ್ಮ ಮಿಲ್ಲಿನ್ಯಾಗ ದೇವ್ರೊಬ್ಬನಾದ್ರೂ ಇನ್ಮ್ಯಾಲ ಜಾರಿ ಬೀಳಂಗಿಲ್ಲ.”

ಬಾಯಿದ್ದವನ ಕಥೆ

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಿರ್ಚಿ-ಮಂಡಕ್ಕಿ ಹೋಟೆಲು. ಅಲ್ಲಿ ಮಿರ್ಚಿ ಕರಿಯುವವನು ಹಲವಾಗಲು ಕಡೆಯವನು. ಕೆಲಸಕ್ಕೆ ಸೇರಿದಾಗಿನಿಂದ ಅವನಿಗೆ ವಾರದ ರಜೆ ಎಂಬುದೇ ಗೊತ್ತಿಲ್ಲ. ಮಗಳು ತನ್ನನ್ನು ನೋಡಿದರೆ ಅಳುತ್ತಾಳೆ, ಯಾರೋ ಹೊಸಬರು ಬಂದಾರ ಅಂತಾಳೆ ಎಂದು ನನ್ನ ಹತ್ತಿರ ಹೇಳಿಕೊಂಡ. ಕೇಳಿ ನನಗೇ ಸಂಕಟವಾಯಿತು.

ಮಾಲೀಕರಿಗೆ ಹೊಲವೂ ಇತ್ತು, ಎತ್ತೂ ಇದ್ದವು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಇವರೂ ಇಡುತ್ತಿರಲಿಲ್ಲ. ಎತ್ತಿಗೆ ಕೊಡುವ ರಜೆ ಮನುಷ್ಯನಿಗೆ ಯಾಕಿಲ್ಲ ಎಂದು ಮಿರ್ಚಿಯವನ ಎದುರಿಗೇ ಮಾಲೀಕರನ್ನು ಕೇಳಿದೆ.

“ಎತ್ತಿಗೆ ಮಾತು ಬರಂಗಿಲ್ರಿ, ಅದಕ್ಕ ನಾವ ತಿಳ್ಕಂಡು ಕೊಡ್ತೀವಿ. ಇವನಿಗೆ ಬಾಯಿ ಐತಿ. ಬೇಕಿದ್ರ ಕೇಳ್ತಿದ್ದ” ಎಂದರು ಮಾಲೀಕರು.

ಮಿರ್ಚಿಯವನು ಜಾಲರಿ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿಟ್ಟ.

“ಹಂಗಾರ ಈಗ ಕೇಳಾಕತ್ತೀನ್ರಿ.”

ಸೋಮವಾರದ ಗಿರಾಕಿಗಳು

ನನ್ನ ಎದುರಿಗೆ ಇಲ್ಲ ಎನ್ನಲಾಗದೆ ಮಾಲೀಕರು ಒಪ್ಪಿದರು. ‘ಸೋಮವಾರ ಕೆಲಸಗಾರರಿಗೆ ರಜೆ’ ಎಂಬ ಬೋರ್ಡೂ ಬಂತು. ಮುಂದಿನ ಸೋಮವಾರ ಹೇಳದೆ ಕೇಳದೆ ಬಸ್ಸಿಳಿದೆ. ಎದುರಿನ ಬೀಡಾ ಅಂಗಡಿಯವನು ನನ್ನನ್ನು ಕಂಡು ಹೋಟೆಲಿನ ಕಡೆ ಜೋರಾಗಿ ಸೀಟಿ ಹೊಡೆದ.

ಒಳಗೆ ಹೋದರೆ ಒಲೆಯ ಮುಂದೆ ಮಾಲೀಕರೊಬ್ಬರೇ. ಎಲ್ಲರಿಗೂ ರಜೆ ಕೊಟ್ಟಿದ್ದೇನೆ, ಎಲ್ಲಾ ನಾನೇ ಮಾಡುತ್ತಿದ್ದೇನೆ ಎಂದರು. ಬೆಂಚಿನ ಮೇಲೆ ಮಿರ್ಚಿಯವನೂ ಮೂವರು ಸಪ್ಲೈಯರುಗಳೂ ಕೈಕಟ್ಟಿ ಕೂತಿದ್ದರು. ಮಿರ್ಚಿಯವನ ಮೊಣಕೈವರೆಗೂ ಕಡ್ಲಿಹಿಟ್ಟು. ಇವರು ಯಾರು ಎಂದೆ.

“ಗಿರಾಕಿ ಅದಾರ್ರಿ.”

ಸಿಟ್ಟು ನೆತ್ತಿಗೇರಿತು. ಕೇಸು ಹಾಕಬಹುದಿತ್ತು. ಹಾಕಿದರೆ ಮರುದಿನವೇ ಮಿರ್ಚಿಯವನ ಕೆಲಸ ಹೋಗುತ್ತಿತ್ತು. ಹಾಗಾಗಿ ಸುಮ್ಮನೆ ಅವನ ಎದುರಿಗೆ ಕೂತೆ. ಗಿರಾಕಿಗಳು ಬಹಳ ಹೊತ್ತಿನಿಂದ ಕಾಯುತ್ತಿರಬೇಕು, ಮೊದಲು ಅವರಿಗೆ ಕೊಡಿ, ನನಗೇನೂ ಅವಸರವಿಲ್ಲ ಎಂದೆ.

ಮಾಲೀಕರು ಮಿರ್ಚಿ ಕರಿದು ತಂದಿಟ್ಟರು. ಮಿರ್ಚಿಯವನು ನನ್ನ ಮುಖ ನೋಡಿದ, ಮಾಲೀಕರ ಮುಖ ನೋಡಿದ. ಆಮೇಲೆ ಗೋಡೆಗೆ ಒರಗಿ ಒಂದು ಕಚ್ಚಿದ.

“ಒಳಗ ಹಸಿ ಐತ್ರಿ, ಯಜಮಾನ್ರ. ಮತ್ತೊಮ್ಮೆ ಕರಿದು ತರ್ರಿ.”

ಉಳಿದವರಿಗೂ ಧೈರ್ಯ ಬಂತು. ಒಬ್ಬನಿಗೆ ಮಂಡಕ್ಕಿಗೆ ಉಳ್ಳಾಗಡ್ಡಿ ಸಾಲದು. ಒಬ್ಬನಿಗೆ ಚಹಾಕ್ಕೆ ಸಕ್ಕರೆ ಕಮ್ಮಿ. ಇನ್ನೊಬ್ಬ ಟೇಬಲ್ ಒರೆಸಿಲ್ಲ ಎಂದು ತಕರಾರು ತೆಗೆದ. ಬೆಳಗಾದರೆ ‘ಲೇ’ ಎನ್ನುತ್ತಿದ್ದ ಮಾಲೀಕರು ನನ್ನ ಮುಂದೆ ‘ತಂದೇನ್ರಿ, ಬಂದೇನ್ರಿ’ ಎಂದು ಓಡಾಡಿದರು. ತಿಂದು ಎದ್ದ ಮಿರ್ಚಿಯವನು ರೂಢಿಯಂತೆ ತಟ್ಟೆ ಎತ್ತಿಕೊಂಡು ತೊಳೆಯಲು ಹೊರಟ. ನಾನು ಮಾಲೀಕರ ಕಡೆ ತಿರುಗಿದೆ. ಅವರು ಓಡಿಬಂದು ತಟ್ಟೆ ಕಸಿದುಕೊಂಡರು.

“ಬಿಡ್ರಿ, ನೀವು ಗಿರಾಕಿ!”

ನಾನು ಎದ್ದಾಗ ಮಾಲೀಕರು ಕೊರಳಿನ ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲವರೆಗೂ ಬಂದರು. ಹಿಂದೆ ನಾಲ್ವರೂ ಇನ್ನೊಂದು ಸುತ್ತು ಚಹಾ ಹೇಳುತ್ತಿದ್ದರು.

“ಸಾಹೇಬ್ರ, ಬರೋ ಸೋಮವಾರದಿಂದ ಖರೇನ ರಜಾ ಕೊಡ್ತೀನ್ರಿ” ಎಂದು ಕೈಮುಗಿದರು. “ಆದ್ರ ಅವತ್ತು ಅವರವರ ಮನಿಯಾಗ ಉಣ್ಣಾಕ ಹೇಳ್ರಿ.”