ಕೆಂಚನಿಗೊಂದು ಶಿಳ್ಳೆ

ದನದ ಔಷಧಿಗಳ ರುಚಿಯ ಬಗ್ಗೆ ಅಧಿಕಾರದಿಂದ ಮಾತಾಡಬಲ್ಲವರು ಆಗಿನ ಧಾರವಾಡ ಜಿಲ್ಲೆಯಲ್ಲಿ ಒಬ್ಬರೇ ಒಬ್ಬರಿದ್ದರು. ಅವರು ನನ್ನ ಸೋದರಮಾವ! ದನದ ಡಾಕ್ಟರಿಗೆ ಔಷಧಿಯ ಗುಣ ಗೊತ್ತಿರಬಹುದು, ರುಚಿ ಗೊತ್ತಿತ್ತೇ? ತಾವು ತಿಂದು ನೋಡದ ಯಾವ ಮದ್ದನ್ನೂ ಮಾವ ತಮ್ಮ ಎತ್ತಿನ ಬಾಯಿಗೆ ಹಾಕಿದವರಲ್ಲ.

"ಅದಕ್ಕ ಮಾತು ಬರಂಗಿಲ್ಲ. ಚಲೋ ಇಲ್ಲ ಅಂತ ಹೆಂಗ ಹೇಳಬೇಕದು?" ಎಂಬುದು ಅವರ ವಾದ. ಒಮ್ಮೆ ಎತ್ತಿನ ಹೊಟ್ಟೆಯುಬ್ಬರಕ್ಕೆ ತಂದ ಎಣ್ಣೆಯ ರುಚಿ ನೋಡಿ, ಆ ದಿನವೆಲ್ಲ ಬೇಲಿಯ ಮರೆಯಲ್ಲೇ ಕಳೆದರಂತೆ. ಎತ್ತು ಆರಾಮಾಗಿ ಮೇಯುತ್ತಿತ್ತಂತೆ.

ಎತ್ತಿನ ಹೆಸರು ಕೆಂಚ. ಮನೆಯಲ್ಲಿ ಬೆಂದ ಮೊದಲ ರೊಟ್ಟಿ ಕೆಂಚನಿಗೆ. ಹಾನಗಲ್ಲ ಸಂತೆಯಿಂದ ಮಾವ ಅತ್ತೆಗೆ ಬಳೆ ತಂದದ್ದು ನನಗೆ ನೆನಪಿಲ್ಲ. ಕೆಂಚನಿಗೆ ಗೆಜ್ಜೆ ಸರ ತಂದದ್ದು ಮಾತ್ರ ಇಡೀ ಓಣಿಗೆ ಕೇಳಿಸುತ್ತಿತ್ತು.

"ಮುಂದಿನ ಜನ್ಮಕ್ಕ ನಿಮ್ಮ ಕೊಟಗ್ಯಾಗ ಹುಟ್ಟತೇನಿ. ಆವಾಗರ ನನ್ನ ಮಾರಿ ನೋಡ್ತೀರೇನ?" ಎಂದು ಅತ್ತೆ ಚುಚ್ಚುವರು.

"ಕೆಂಚನ ಬಾಜೂಕ ಜಾಗಾ ಇಟ್ಟಿರ್ತೇನಿ ತಗೊ" ಎಂದು ಮಾವ.

ಒಂದು ವರ್ಷ ಬಿತ್ತನೆ ಹತ್ತಿರ ಬಂದಾಗ ಕೆಂಚ ಮಲಗಿಬಿಟ್ಟ. ಜ್ವರ, ಕೆಮ್ಮು, ಏದುಸಿರು. ಹಾನಗಲ್ಲಿನಿಂದ ಡಾಕ್ಟರು ಸೈಕಲ್ಲಿನ ಮೇಲೆ ಬಂದು ಎದೆ ಪರೀಕ್ಷಿಸಿ, ಅಂಗೈಯಗಲದ ಬಿಳಿ ಗುಳಿಗೆಗಳನ್ನು ಕೊಟ್ಟರು.

"ಇವು ಸಲ್ಫಾ ಗುಳಿಗಿ. ಪುಡಿ ಮಾಡಿ ಬೆಲ್ಲದಾಗ ಉಂಡಿ ಕಟ್ಟಿ ತಿನಸ್ರಿ. ಆದ್ರ ನೀರು ಬಾಳ ಕುಡೀಬೇಕು. ಇಲ್ಲಂದ್ರ ಔಷಧ ಮೂತ್ರಪಿಂಡದಾಗ ಹರಳು ಕಟ್ಟತೈತಿ."

"ಕಹಿ ಅದಾವೇನ್ರಿ?" ಮಾವನಿಗೆ ಅದೇ ಚಿಂತೆ.

"ಎತ್ತಿನ ಗುಳಿಗಿರಿ ಅವು. ನಾ ಯಾಕ ತಿಂದು ನೋಡ್ಲಿ?"

ಡಾಕ್ಟರ ಸೈಕಲ್ಲು ಓಣಿ ದಾಟುವುದರೊಳಗೆ ಒಂದು ಗುಳಿಗೆಯ ಅಂಚು ಮಾವನ ಹೊಟ್ಟೆ ಸೇರಿತ್ತು! ನೀರಿನ ಮಾತು ಆಮೇಲೆ ನೆನಪಾಯಿತು. ಗಾಬರಿಯಿಂದ ಒಂದು ಕೊಡ ನೀರು ಖಾಲಿ ಮಾಡಿದರು.

ಶಿಗ್ಗಾಂವಿಯಲ್ಲಿ ಮಾಸ್ತರನಾಗಿದ್ದ ನಾನು ರವಿವಾರ ಹೋದಾಗ ಮನೆ ಮನೆಯಾಗಿರಲಿಲ್ಲ. ಕೆಂಚ ಉಂಡೆಯನ್ನೇನೋ ನುಂಗಿದ್ದ, ನೀರು ಮುಟ್ಟಿರಲಿಲ್ಲ. ಕೆಮ್ಮುವ ಎತ್ತಿಗೆ ನೀರು ಹೊಯ್ದು ಕುಡಿಸುವಂತಿಲ್ಲ, ನೆತ್ತಿಗೇರುತ್ತದೆ. ಸಂಜೆಯೊಳಗೆ ತಾನಾಗಿ ಕುಡಿಯದಿದ್ದರೆ ಗುಳಿಗೆ ನಿಲ್ಲಿಸಬೇಕು, ನಿಲ್ಲಿಸಿದರೆ ಎತ್ತಿನ ಆಸೆ ಬಿಡಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ನಮ್ಮ ಕಡೆ ಎತ್ತು ನೀರು ಕುಡಿಯಲು ಒಡೆಯ ಪಕ್ಕದಲ್ಲಿ ನಿಂತು ಮೆಲ್ಲಗೆ ಶಿಳ್ಳೆ ಹಾಕಬೇಕು. ಅದರಲ್ಲಿ ಮಾವ ನಿಸ್ಸೀಮರು. ಆದರೆ ಅಂದು ಕೊಟ್ಟಿಗೆಯಲ್ಲಿ ನೀರಿನ ಬಾನಿಯ ಮುಂದೆ ನಿಂತ ಮಾವನ ಬಾಯಿಂದ ಬರೀ ಗಾಳಿ ಬಂತು. ಮತ್ತೆ ಊದಿದರು, ಮತ್ತೆ ಗಾಳಿ. ತುಟಿಗಳು ನಡುಗುತ್ತಿದ್ದವು.

"ಏ ಮಾಸ್ತರ, ನೀನರ ಹೊಡಿಯೋ" ಎಂದರು. ನಾನು ಹೊಡೆದೆ. ಶಾಲೆ ತಪಾಸಣೆಗೆ ಬಂದ ಸಾಹೇಬರು ನನ್ನನ್ನು ನೋಡುವಂತೆ ಕೆಂಚ ನೋಡಿದ, ಅಷ್ಟೇ. ಮಾವ ಬಾನಿಯ ಅಂಚಿಗೆ ಕುಸಿದು ಕೂತರು.

ಆಗ ಹಿಂದಿನಿಂದ ಒಂದು ಶಿಳ್ಳೆ ಕೇಳಿತು. ಉದ್ದಕ್ಕೆ, ಮೆತ್ತಗೆ, ಥೇಟು ಮಾವನದೇ! ತಿರುಗಿದರೆ, ಕೈಯೆಲ್ಲ ಜೋಳದ ಹಿಟ್ಟು ಮಾಡಿಕೊಂಡು ಅತ್ತೆ ನಿಂತಿದ್ದಾರೆ. ಹೆಣ್ಣುಮಕ್ಕಳು ಶಿಳ್ಳೆ ಹಾಕಿದರೆ ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳೆಂದು ನಂಬಿದ್ದ ಮನೆ ಅದು. ಅತ್ತೆ ತಲೆಯ ಸೆರಗು ಸರಿಮಾಡಿಕೊಂಡು ಇನ್ನೊಮ್ಮೆ ಹಾಕಿದರು. ಕೆಂಚನ ಕಿವಿ ಅಲುಗಿತು. ಮೆಲ್ಲಗೆ ಎದ್ದ, ಬಾನಿಗೆ ಮೂತಿ ಇಟ್ಟ. ಗಟಗಟನೆ ನೀರು ಇಳಿಯತೊಡಗಿತು.

"ನಿನಗ ಹೆಂಗ ಬಂತಿದು?" ಎಂದರು ಮಾವ.

"ನೀವು ಸವಣೂರ ಸಂತಿಗೆ ಹೋದ ದಿನ ಇದಕ್ಕ ನೀರು ಯಾರು ಕುಡಸ್ತಿದ್ರು ಅಂತ ತಿಳದೀರಿ? ನಿಮ್ಮಂಗ ಸಿಳ್ಳು ಹೊಡದ್ರನ ಕುಡೀತೈತಿದು. ಕದಾ ಹಾಕ್ಕೊಂಡು ಕಲತೇನಿ."

ಕೆಂಚ ಉಳಿದ. ಬಿತ್ತನೆಗೆ ತುಸು ತಡವಾಗಿ ಹೋದ, ಆದರೆ ಹೋದ. ಲಕ್ಷ್ಮಿಯೂ ಎಲ್ಲಿಗೂ ಹೋಗಲಿಲ್ಲ.

ನನಗೆ ಮರೆಯಲಾಗದ್ದು ಆ ಸಂಜೆ. ಒಲೆಯಿಂದ ಇಳಿದ ಮೊದಲ ರೊಟ್ಟಿಯನ್ನು ಮಾವ ಎಂದಿನಂತೆ ಕೈಗೆತ್ತಿಕೊಂಡು ಎದ್ದರು. ಕೊಟ್ಟಿಗೆಗೆ ಹೊರಟರೆಂದುಕೊಂಡೆ. ಹೋಗಲಿಲ್ಲ. ಒಲೆಯ ಮುಂದೆ ಕೂತರು, ಅಂಚು ಮುರಿದು ತಾವೊಮ್ಮೆ ರುಚಿ ನೋಡಿದರು, ಉಳಿದದ್ದನ್ನು ಅತ್ತೆಯ ಕೈಗಿಟ್ಟರು.

"ಕೆಂಚಗ?" ಎಂದರು ಅತ್ತೆ.

"ಅಂವ ತಡೀತಾನ. ನೀ ಮೊದಲ ತಿನ್ನು."