ಮೇಸ್ತ್ರಿ ಮನೆಯ ಎರಡನೇ ಕೀ

ಬೀಗದ ಮೇಸ್ತ್ರಿಗೆ ಕೋಪ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಆದರೆ ಆ ದಿನ ಬಂದದ್ದು ಮಾತ್ರ ನ್ಯಾಯವಾದ ಕೋಪ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯಲ್ಲಿ ಕೂತು ಫೋನು ನೋಡುತ್ತಿದ್ದಾಗ ಒಂದು ಗುಂಪಿನಲ್ಲಿ ಕಂಪ್ಯೂಟರ್ ಪಂಡಿತರ ಮಹಾಯುದ್ಧ ಕಣ್ಣಿಗೆ ಬಿತ್ತು. ನಾವು ಕಳಿಸುವ ಮೆಸೇಜಿಗೆಲ್ಲ ಆ್ಯಪಿನವರು ಒಳಗೇ ಬೀಗ ಹಾಕಿರುತ್ತಾರಂತೆ. ಅದಕ್ಕೆ ಇನ್ನೊಂದು ಕೀ ಮಾಡಿ ಸರ್ಕಾರಕ್ಕೆ ಕೊಡಬೇಕು ಅಂತ ಕಾನೂನು ತರಬೇಕೋ ಬೇಡವೋ ಎಂಬುದು ಜಗಳ. ‘ವಿನ್ಯಾಸಾಚಾರ್ಯ’ ಎಂದು ಹೆಸರಿಟ್ಟುಕೊಂಡಿದ್ದ ಒಬ್ಬ ಪುಣ್ಯಾತ್ಮ ಬರೆದಿದ್ದ: “ವಿನ್ಯಾಸ ಸರಿಯಾಗಿದ್ದರೆ ಬೀಗವೂ ಭದ್ರ, ಎರಡನೇ ಕೀಯೂ ಭದ್ರ. ಇದರಲ್ಲೇನು ಕಷ್ಟ?”

ಮೇಸ್ತ್ರಿಯ ಮೈಯೆಲ್ಲ ಉರಿದುಹೋಯಿತು. ಏಳನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ, ಮೂವತ್ತು ವರ್ಷ ಅರ ಉಜ್ಜಿದ ಕೈ ಅದು. ಒಂದೇ ಬೆರಳಲ್ಲಿ ಕುಟ್ಟಿದ: “ಸ್ವಾಮಿ, ಎರಡನೇ ಕೀ ಯಾವತ್ತೂ ಎರಡಕ್ಕೆ ನಿಂತಿದ್ದಿಲ್ಲ. ಒಬ್ಬರ ಕೈಗೆ ಕೊಟ್ಟರೆ ನಾಳೆ ಐದು ಜನರ ಸೊಂಟದಲ್ಲಿರುತ್ತೆ.”

ಗುಂಪಿಗೆ ಗುಂಪೇ ಚಪ್ಪಾಳೆ ತಟ್ಟಿತು. ಸಂಜೆಯೊಳಗೆ ಅವನು ‘ಬೀಗದಣ್ಣ’ನಾದ. ಸೂಟ್‌ಕೇಸಿನ ಬೀಗ ತೆಗೆಸಲು ಬಂದವರೂ ಅಂತರ್ಜಾಲ ನಿಯಂತ್ರಣದ ಮೇಲೆ ಮುಕ್ಕಾಲು ಗಂಟೆ ಉಪನ್ಯಾಸ ಕೇಳಿಯೇ ಹೋಗಬೇಕಾಯಿತು. (ಕೆಲವರು ಸೂಟ್‌ಕೇಸ್ ಬಿಟ್ಟೇ ಓಡಿದರು.)

ಆಗ ಆಚಾರ್ಯ ಬಾಣ ಬಿಟ್ಟ: “ಬೀಗದಣ್ಣ, ನಿಮ್ಮ ಮನೆಗೆ ಎಷ್ಟು ಕೀ?”

ಒಂದು ಇವನ ಹತ್ತಿರ, ಒಂದು ಹೆಂಡತಿಯ ಹತ್ತಿರ. ಎರಡು ಎಂದರೆ ಮರ್ಯಾದೆ ಹೋಗುತ್ತದೆ. ಒಂದು ಎಂದರೆ ಸುಳ್ಳಾಗುತ್ತದೆ. ಮೇಸ್ತ್ರಿ ಗುಡುಗಿದ: “ಇವತ್ತಿಗೆ ಎರಡು. ಭಾನುವಾರ ಹತ್ತು ಗಂಟೆಗೆ ಲೈವ್ ಬರ್ತೀನಿ. ಎಲ್ಲರೆದುರು ಎರಡನೇದನ್ನ ಕತ್ತರಿಸಿ ಬಿಸಾಕ್ತೀನಿ!”

ಮನೆಗೆ ಹೋಗಿ ಹೆಂಡತಿಯ ಮುಂದೆ ಕೈಚಾಚಿದ.

“ಎಲ್ಲಿ, ನಿನ್ನ ಕೀ ಕೊಡು.”

“ನಾನು ಹೊರಗೆ ಹೋದ್ರೆ ಒಳಗೆ ಬರೋದು ಹೆಂಗ್ರೀ?”

“ನಾನು ಬರೋ ತನಕ ಜಗಲಿ ಮೇಲೆ ಕೂತಿರು. ಇದು ತತ್ವದ ಪ್ರಶ್ನೆ ಕಣೇ!”

“ಹಂಗಾದ್ರೆ ತಗೊಳ್ಳಿ” ಎಂದು ಪರ್ಸಿನಿಂದ ತೆಗೆದು ಕೊಟ್ಟೇಬಿಟ್ಟಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಒಂದು ಸೌಟನ್ನೂ ಜಗಳವಿಲ್ಲದೆ ಕೊಟ್ಟವಳಲ್ಲ. ಗಂಡಸಿಗೆ ಬುದ್ಧಿಯಿದ್ದಿದ್ದರೆ ಅಲ್ಲೇ ಅನುಮಾನ ಬರಬೇಕಿತ್ತು.

ಭಾನುವಾರ ಬಂತು. ಇಸ್ತ್ರಿ ಮಾಡಿದ ಹೊಸ ಅಂಗಿ ತೊಟ್ಟು, ಫೋನನ್ನು ಕಾಂಪೌಂಡ್ ಗೋಡೆಗೆ ಒರಗಿಸಿ, ಮೇಸ್ತ್ರಿ ಮೆಟ್ಟಿಲ ಮೇಲೆ ನಿಂತ. ಇನ್ನೂರ ಮೂವತ್ತು ಜನ ನೋಡುತ್ತಿದ್ದರು. ಹೆಂಡತಿಯೂ ಸೆರಗಿಗೆ ಕೈ ಒರೆಸುತ್ತ ಹೊರಬಂದು ನಿಂತಳು. ಗರಗಸ ಕಿರ್ ಎಂದಿತು, ಕೀ ಎರಡು ತುಂಡಾಯಿತು.

“ನೋಡಿ ಮಹಾಜನಗಳೇ! ಇನ್ನು ಈ ಮನೆಗೆ ಒಂದೇ ಕೀ. ಈ ಬೀಗ ಕೂರಿಸಿದವನು ನಾನೇ. ಕೀ ಇಲ್ದೆ ನನ್ನ ಕೈಲೂ ತೆಗೆಯೋಕಾಗಲ್ಲ!” ಎಂದವನೇ, ಬೀಗದ ಗಟ್ಟಿತನ ಎಲ್ಲರಿಗೂ ಕೇಳಿಸಲೆಂದು ಬಾಗಿಲನ್ನು ಧಡಾರೆಂದು ಎಳೆದ. ಎಳೆದರೆ ತಾನೇ ಬಿದ್ದುಕೊಳ್ಳುವ ಬೀಗ ಅದು. ಬಿದ್ದುಕೊಂಡಿತು.

ಆ ಒಂದೇ ಕೀ ಒಳಗೆ, ಗೂಟಕ್ಕೆ ನೇತುಹಾಕಿದ್ದ ನಿನ್ನೆಯ ಅಂಗಿಯ ಜೇಬಿನಲ್ಲಿತ್ತು.

“ರೀ, ಒಲೆ ಮೇಲೆ ಹಾಲಿದೆ” ಎಂದಳು ಹೆಂಡತಿ.

ಮೇಸ್ತ್ರಿ ಹೊಸ ಅಂಗಿಯ ಜೇಬು ತಡಕಿದ. ನಿಜಕ್ಕೂ ಆ ಬೀಗವನ್ನು ಬಗ್ಗಿಸಿದ ತಂತಿಯಲ್ಲಿ ಎರಡು ನಿಮಿಷದಲ್ಲಿ ತೆಗೆಯಬಹುದು; ಅದು ಅವನಿಗೂ ಅವನ ತಂತಿಗೂ ಮಾತ್ರ ಗೊತ್ತಿದ್ದ ಗುಟ್ಟು. ತೆಗೆದರೆ, ಅದೇ ಬೀಗ ಕೊಂಡ ಅರ್ಧ ಊರು ನಾಳೆ ಅಂಗಡಿ ಮುಂದೆ ನಿಲ್ಲುತ್ತದೆ. ತೆಗೆಯದಿದ್ದರೆ ಆಚಾರ್ಯ ಗೆದ್ದ. ಅತ್ತ ದರಿ, ಇತ್ತ ಪುಲಿ, ನಡುವೆ ಉಕ್ಕುವ ಹಾಲು! ಆಚಾರ್ಯನ ಕಾಮೆಂಟೂ ಬಂದಾಗಿತ್ತು: “ಈಗ ಎರಡನೇ ಕೀ ಇದ್ದಿದ್ದರೆ ಚೆನ್ನಾಗಿತ್ತು, ಅಲ್ಲವೇ ಅಣ್ಣ?”

“ಏನ್ರೀ, ಸುಟ್ಟ ವಾಸನೆ ಬರ್ತಿದೆ!”

“ಸುಡ್ಲಿ! ತತ್ವ ಉಳೀಲಿ!”

“ಪಾತ್ರೆ ಉಜ್ಜೋಕೆ ನಿಮ್ಮ ತತ್ವ ಬರುತ್ತಾ?” ಎಂದ ಅವಳು ಪಕ್ಕದ ಮನೆಯತ್ತ ತಿರುಗಿ ಕೂಗಿದಳು: “ಟೀಚರಮ್ಮಾ, ನಮ್ಮನೆ ಕೀ ಸ್ವಲ್ಪ ತನ್ನಿ!”

ಟೀಚರಮ್ಮ ಕೀ ಹಿಡಿದು ಓಡಿಬಂದರು. ಅಷ್ಟರಲ್ಲಿ ಬೀದಿ ಮೂಲೆಯ ಇಸ್ತ್ರಿಯವನು, “ಅಮ್ಮಾ, ನನ್ನ ಹತ್ರಾನೂ ಐತಲ್ಲ, ಬಟ್ಟೆ ಒಳಗಿಡೋಕೆ ಕೊಟ್ಟಿದ್ರಿ” ಎಂದು ಜೇಬಿಗೆ ಕೈಹಾಕಿದ. ಸ್ಕೂಟರಿನಲ್ಲಿ ಬಂದಿಳಿದ ಬಾಮೈದ ಏನಾಗಿದೆಯೆಂದು ಕೇಳುವ ಮೊದಲೇ ತನ್ನ ಗೊಂಚಲಿನಿಂದ ಒಂದನ್ನು ಬಿಡಿಸಿದ. ಕಡೆಗೆ ಹೆಂಡತಿಯೇ ಸೊಂಟದಿಂದ ಇನ್ನೊಂದನ್ನು ಎಳೆದು, “ಯಾರದ್ದೂ ಬೇಡ ಬಿಡಿ, ನಂದೇ ಇದೆ” ಎಂದು ಬಾಗಿಲು ತೆಗೆದು ಒಳಗೆ ಓಡಿದಳು.

“ಯಾರು... ಯಾರು ಮಾಡಿಕೊಟ್ಟಿದ್ದು ಇದನ್ನೆಲ್ಲ?” ಮೇಸ್ತ್ರಿ ಹೊಸ್ತಿಲಲ್ಲೇ ನಿಂತು ಕೂಗಿದ.

“ನಿಮ್ಮ ಅಂಗಡಿ ಎದುರಿಗಿರೋ ಕೀ ಮಾಡೋ ಮಿಷನ್‌ನವನು!” ಅಡಿಗೆಮನೆಯಿಂದ ಉತ್ತರ ಬಂತು. “ಹೋದ ವರ್ಷ ಕೀ ಮರೆತು ಎರಡು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆ. ಫೋನ್ ಮಾಡಿದ್ರೆ ಎತ್ತಿದ್ರಾ? ಅವತ್ತೇ ಮಾಡಿಸ್ದೆ.”

ಗೋಡೆಗೆ ಒರಗಿಸಿದ್ದ ಫೋನಿನಲ್ಲಿ ಆಚಾರ್ಯನ ಶರಣಾಗತಿ ಮೂಡಿತು: “ಒಂದು ಕೀ ಕೊಟ್ಟರೆ ಐದಾಗುತ್ತದೆಂದು ಕಣ್ಣಾರೆ ಕಂಡೆ. ನಾನು ಸೋತೆ. ಇನ್ನು ಮುಂದೆ ಎಲ್ಲ ಚರ್ಚೆಯಲ್ಲೂ ನಿಮ್ಮ ಮನೆಯನ್ನೇ ಉದಾಹರಣೆ ಕೊಡುತ್ತೇನೆ.”

ಮಾತು ಉಳಿಸಿಕೊಂಡ, ಪಾಪಿ. ವಾರದೊಳಗೆ ಮೇಸ್ತ್ರಿಯ ಬಾಗಿಲಿನ ಚಿತ್ರ ಗುರುತು ಪರಿಚಯವಿಲ್ಲದವರ ಫೋನಿಗೆಲ್ಲ ಹೋಗಿತ್ತು. ಇತ್ತ ಮನೆಯಲ್ಲಿ ಹೆಂಡತಿ ಅವನ ಜೇಬಿನ ಕೀಯನ್ನೂ ಕಿತ್ತುಕೊಂಡು ಹೊಸ ಕಾಯ್ದೆ ತಂದಿದ್ದಳು: “ಕೈಗೆ ಸಿಕ್ಕಿದ ಕೀ ಕತ್ತರಿಸೋರಿಗೆ ಕೀ ಯಾಕೆ? ಬಂದಾಗ ಬೆಲ್ ಮಾಡಿ.” ಬೀದಿಗೆಲ್ಲ ತೆರೆಯುವ ಬಾಗಿಲಿನ ಮುಂದೆ ಯಜಮಾನನೊಬ್ಬನೇ, ಬೀದಿಯವರ ಕಣ್ಣೆದುರು ತಂತಿ ಹೊರತೆಗೆಯಲೂ ಆಗದೆ, ಅವಳ ಧಾರಾವಾಹಿ ಮುಗಿಯುವವರೆಗೆ, ನಿಲ್ಲತೊಡಗಿದ.

ಹೀಗೆ ನಿಂತ ನಾಲ್ಕನೇ ದಿನ ತಡೆಯಲಾಗಲಿಲ್ಲ. ನಡುಮಧ್ಯಾಹ್ನ ರಸ್ತೆ ದಾಟಿ ಮಿಷನ್‌ನವನ ಅಂಗಡಿಗೆ ನುಗ್ಗಿದ. “ಏನಯ್ಯಾ, ನನ್ನ ಮನೆ ಕೀನ ನನ್ನನ್ನೇ ಕೇಳ್ದೆ ಊರಿಗೆಲ್ಲ ಹಂಚ್ತೀಯಾ?”

ಅವನು ಎದ್ದು ಕುರ್ಚಿ ಕೊಟ್ಟ. “ಕೂತ್ಕೊಳ್ಳಿ ಅಣ್ಣ, ಆಮೇಲೆ ನಿಧಾನವಾಗಿ ಬೈಯಿರಿ. ನಿಮಗೂ ಬೇಕಿತ್ತಾ? ಅಸಲು ತರದಿದ್ರೂ ನಡೆಯುತ್ತೆ, ಅಳತೆ ನನ್ನ ಹತ್ರಾನೇ ಇದೆ. ನಿಮ್ಮನೇದು ತುಂಬಾ ಓಡೋ ಐಟಮ್ಮು.”

ಮೇಸ್ತ್ರಿ ರಸ್ತೆಯ ಆ ತುದಿ ಈ ತುದಿ ನೋಡಿದ. ಆಮೇಲೆ ಬಗ್ಗಿ ಪಿಸುಗುಟ್ಟಿದ:

“ಎರಡು ಮಾಡು.”