ಒಂದೇ ಮೊಬೈಲ್ ಸಂಖ್ಯೆ ಕೊಟ್ಟ ವಾದಿ–ಪ್ರತಿವಾದಿಗಳನ್ನು ರಾಜಿಯಾದವರೆಂದು ಭಾವಿಸುವ ಕುರಿತು

ವ್ಯಾಜ್ಯ ಗಣಕೀಕರಣ ಉಪಕೋಶ
(ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲೂಕುಗಳಿಗೆ)

ಸುತ್ತೋಲೆ ಸಂಖ್ಯೆ: ವ್ಯಾಗಉ/ಸಿಂ-ಲಿಂ-ಮ/ರಾಜಿ/01/2025-26
ದಿನಾಂಕ: ಸರ್ವರ್ ಎದ್ದ ದಿನ

ವಿಷಯ: ಉಭಯ ಪಕ್ಷಗಾರರ ಮೊಬೈಲ್ ಸಂಖ್ಯೆ ಒಂದೇ ಇದ್ದಲ್ಲಿ ದಾವೆಯನ್ನು ತಾನಾಗಿ ಮುಕ್ತಾಯಗೊಳಿಸುವ ಬಗ್ಗೆ.

ಉಲ್ಲೇಖ:
1. ‘ಸುಸೂತ್ರ’ ತಂತ್ರಾಂಶ, ನಾಲ್ಕನೆಯ ಆವೃತ್ತಿಯ ಕೈಪಿಡಿ (ಇನ್ನೂ ಬಂದಿರುವುದಿಲ್ಲ).
2. ಮೂಲ ದಾವೆ ಸಂಖ್ಯೆ 214: ಅಯ್ಯಮ್ಮ ವಿರುದ್ಧ ಹುಲಿಗೇಶ.
3. ಸದರಿ ಅಯ್ಯಮ್ಮ ಅವರು ಕೌಂಟರಿನಲ್ಲಿ ನಿಂತು ಮೂರು ಬಾರಿ ಸಲ್ಲಿಸಿದ ಮೌಖಿಕ ತಕರಾರು.

ಪ್ರಸ್ತಾವನೆ:

ಕೆಂಪು ಬಟ್ಟೆಯ ಗಂಟು, ದಾರ ಪೋಣಿಸಿದ ಕಡತ, ಬಾಗಿಲಲ್ಲಿ ನಿಂತು ಪಕ್ಷಗಾರರ ಹೆಸರು ಕೂಗುವ ಹಳೆಯ ಪದ್ಧತಿ ಇವೆಲ್ಲವನ್ನೂ ಕೈಬಿಟ್ಟು, ದಿನಾಂಕ, ನೋಟಿಸು, ಆದೇಶ ಎಲ್ಲವೂ ನೇರ ಮೊಬೈಲಿಗೆ ಹೋಗುವ ‘ಸುಸೂತ್ರ’ ವ್ಯವಸ್ಥೆಯನ್ನು ಜಾರಿಗೆ ತರಲಾಗಿದೆ. ಯಾರ ಮೊಬೈಲಿಗೆ ಎಂಬ ಪ್ರಶ್ನೆಯನ್ನು ಈವರೆಗೆ ಯಾವ ಅಧಿಕಾರಿಯೂ ಎತ್ತಿರಲಿಲ್ಲ. ಗುರುಗುಂಟಾದ ಅಯ್ಯಮ್ಮ ಎತ್ತಿದ್ದಾರೆ. ಆದುದರಿಂದ ಈ ಸುತ್ತೋಲೆಯನ್ನು ಹೊರಡಿಸುವುದು ಅನಿವಾರ್ಯವಾಗಿದೆ.

ಪ್ರಕರಣದ ಸಂಗತಿ:

ಅಯ್ಯಮ್ಮ ಅವರ ತವರು ಬಳಗಾನೂರು. ತಂದೆ ಗಾಳೆಪ್ಪ ತೀರಿಕೊಂಡ ಮೇಲೆ ಕಾಲುವೆ ನೀರಿನ ನಾಲ್ಕು ಎಕರೆ ಗದ್ದೆಯಲ್ಲಿ ತಮಗೂ ಅರ್ಧ ಪಾಲು ಬರಬೇಕೆಂದು ಒಡಹುಟ್ಟಿದ ತಮ್ಮ ಹುಲಿಗೇಶನ ಮೇಲೆ ದಾವೆ ಹೂಡಿದ್ದಾರೆ. ಹುಲಿಗೇಶ ಅಷ್ಟರಲ್ಲೇ ಗದ್ದೆಗೆ ಗಿರಾಕಿ ಹುಡುಕಿದ್ದರಿಂದ ಮಾರಾಟಕ್ಕೆ ತಡೆಯಾಜ್ಞೆಯಾಗಿದೆ. ದಾವೆ ಜೀವಂತ ಇರುವ ತನಕ ತಡೆಯಾಜ್ಞೆ, ತಡೆಯಾಜ್ಞೆ ಇರುವ ತನಕ ಗದ್ದೆ.

ದಾವೆ ದಾಖಲಿಸುವಾಗ ಡಾಟಾ ಎಂಟ್ರಿ ಆಪರೇಟರ್ ಕು. ದೀಪಾ ಅವರು ವಾದಿಯ ಮೊಬೈಲ್ ಸಂಖ್ಯೆ ಕೇಳಿದ್ದು, ಅಯ್ಯಮ್ಮ ತಡವರಿಸದೆ ಹತ್ತೂ ಅಂಕಿ ಹೇಳಿದ್ದಾರೆ. ಅದು ಪ್ರತಿವಾದಿಯ ಸಂಖ್ಯೆ. ಈ ಬಗ್ಗೆ ವಿವರಣೆ ಕೇಳಲಾಗಿ ಅವರು ನೀಡಿದ ಹೇಳಿಕೆಯನ್ನು ಯಥಾವತ್ತು ದಾಖಲಿಸಲಾಗಿದೆ: “ನನಗ ಬಾಯಿಪಾಠ ಇರೋದು ಅದೊಂದ ನಂಬರ್ರೀ. ಗಂಡನ ಮನಿಗಿ ಹೊಂಟಾಗ, ಏನರ ಕಷ್ಟ ಬಂದ್ರ ಫೋನ್ ಹಚ್ಚಕ್ಕಾ ಅಂತ ಅಂವನ ಬರದು ಕೊಟ್ಟಾನ. ನಮ್ಮ ಮನಿ ಫೋನಿನ ನಂಬರ್ ನನಗ್ಯಾಕ ಬೇಕ್ರೀ, ನನಗ ನಾನ ಹಚ್ಚಿಕೊಳ್ಳಂಗಿಲ್ಲಲ್ಲ.”

ಹೀಗಾಗಿ ಅಕ್ಕನ ದಿನಾಂಕವೂ ತಮ್ಮನ ದಿನಾಂಕವೂ ತಮ್ಮನ ಫೋನಿಗೇ ಬಂದಿವೆ. ತಮ್ಮ ಪ್ರತಿ ಸಲ ಅಕ್ಕನಿಗೆ ಕರೆ ಮಾಡಿದ್ದಾನೆ. ಕರೆಯ ಒಕ್ಕಣೆ ಸಾಮಾನ್ಯವಾಗಿ ಹೀಗಿದೆ: “ಯಕ್ಕಾ, ಗುರುವಾರ ನಿನ್ನ ಕೇಸ್ ಐತಿ, ನನ್ನ ಮ್ಯಾಲ. ಏಳು ಗಂಟೆ ಬಸ್ಸಿಗೆ ಬಾ, ಮಸ್ಕಿಯಾಗ ನಿಂತಿರ್ತೀನಿ.” ಮಸ್ಕಿಯಿಂದ ಇಬ್ಬರೂ ಒಂದೇ ಬೈಕಿನಲ್ಲಿ ಸಿಂಧನೂರಿಗೆ ಬಂದು, ಒಬ್ಬರನ್ನೊಬ್ಬರು ಕೆಕ್ಕರಿಸಿ ನೋಡಿ, ಮುಂದಿನ ದಿನಾಂಕ ಪಡೆದು, ಒಂದೇ ಮೇಜಿನಲ್ಲಿ ಮಂಡಕ್ಕಿ ಒಗ್ಗರಣಿ ತಿಂದು ಮರಳಿರುವುದು ಹನ್ನೊಂದು ಬಾರಿ ಕಂಡುಬಂದಿದೆ.

ಇಂತಿರುವಾಗ ನಾಲ್ಕನೆಯ ಆವೃತ್ತಿಯು ಇಬ್ಬರ ಸಂಖ್ಯೆಯೂ ಒಂದೇ ಎಂಬುದನ್ನು ಗಮನಿಸಿ, ಸಂತೋಷಪಟ್ಟು, ಹನ್ನೆರಡನೆಯ ಸಂದೇಶ ರವಾನಿಸಿದೆ: “ಉಭಯತರು ರಾಜಿಯಾಗಿರುತ್ತೀರಿ. ಆಕ್ಷೇಪಣೆ ಇದ್ದಲ್ಲಿ ಏಳು ದಿನಗಳೊಳಗೆ ಉತ್ತರಿಸಿರಿ.” ಈ ಸಂದೇಶ ಬಂದಾಗ ಹುಲಿಗೇಶ ಅಕ್ಕನಿಗೆ ಕರೆ ಮಾಡಿರುವುದಿಲ್ಲ. ಎಂಟನೆಯ ದಿನ ದಾವೆ ಮುಕ್ತಾಯವಾಗಿದೆ, ತಡೆಯಾಜ್ಞೆ ತೆರವಾಗಿದೆ.

ಮೇಲ್ಕಂಡ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ ಎಲ್ಲಿಯೂ ಲೋಪ ಕಂಡುಬಾರದ ಕಾರಣ, ಈ ಕೆಳಗಿನಂತೆ ಸೂಚಿಸಲಾಗಿದೆ:

1. ಸಂಖ್ಯೆ ಒಂದಾದಲ್ಲಿ ಮನಸ್ಸೂ ಒಂದಾಗಿದೆಯೆಂದು ಭಾವಿಸತಕ್ಕದ್ದು. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂಬ ಗಾದೆಯನ್ನು ತಂತ್ರಾಂಶದಲ್ಲಿ ಅಳವಡಿಸಿರುವುದಿಲ್ಲ. ಅಳವಡಿಸುವ ಪ್ರಸ್ತಾವನೆಯೂ ಇರುವುದಿಲ್ಲ.

2. ಪಕ್ಷಗಾರರು ಒಂದೇ ಬೈಕಿನಲ್ಲಿ ಬಂದಲ್ಲಿ, ಹಿಂದೆ ಕುಳಿತವರು ಮುಂದೆ ಕುಳಿತವರ ವಾದವನ್ನು ಒಪ್ಪಿದ್ದಾರೆಂದು ದಾಖಲಿಸತಕ್ಕದ್ದು. ಮೂವರು ಬಂದಲ್ಲಿ ಮಧ್ಯದವರನ್ನು ಮಧ್ಯಸ್ಥಗಾರರೆಂದು ಪರಿಗಣಿಸತಕ್ಕದ್ದು.

3. ಸಂದೇಶವು ಫೋನಿಗೆ ತಲುಪಿದಲ್ಲಿ ಮನುಷ್ಯನಿಗೆ ತಲುಪಿದಂತೆಯೇ. ಫೋನಿನಿಂದ ಕಿವಿಯವರೆಗಿನ ಅಂತರವು ಈ ಉಪಕೋಶದ ವ್ಯಾಪ್ತಿಗೆ ಬರುವುದಿಲ್ಲ.

4. ಸಂಖ್ಯೆ ಬದಲಾಯಿಸಬಯಸುವವರು ಬದಲಾಯಿಸಬಹುದು. ಯಾವುದೇ ಅಡ್ಡಿ ಇರುವುದಿಲ್ಲ. ಭದ್ರತೆಯ ದೃಷ್ಟಿಯಿಂದ ಆರು ಅಂಕಿಯ ಓಟಿಪಿ ಹಳೆಯ ಸಂಖ್ಯೆಗೆ ಹೋಗುತ್ತದೆ. ಅದನ್ನು ಪ್ರತಿವಾದಿಯಿಂದ ವಿನಯಪೂರ್ವಕವಾಗಿ ಕೇಳಿ ಪಡೆದು, ಕೌಂಟರಿನಲ್ಲಿ ಖುದ್ದಾಗಿ ನಿಂತು, ನಲವತ್ತು ಸೆಕೆಂಡುಗಳೊಳಗೆ ಹೇಳತಕ್ಕದ್ದು. ಅಯ್ಯಮ್ಮ ಅವರು ಇದೇ ಕೌಂಟರಿನ ಫೋನಿನಿಂದ ಬಳಗಾನೂರಿಗೆ ಒಂಬತ್ತು ಬಾರಿ ಕರೆ ಮಾಡಿದ್ದು, ಫೋನ್ ರಿಂಗಾಗಿದೆ. ರಿಂಗಾಗುವುದು ವ್ಯವಸ್ಥೆ ಸುಸ್ಥಿತಿಯಲ್ಲಿರುವುದರ ಲಕ್ಷಣ.

5. “ನಾ ರಾಜಿ ಆಗಿಲ್ರೀ. ನನ್ನ ಯಾರೂ ಕೇಳೇ ಇಲ್ಲ” ಎಂಬ ಅಯ್ಯಮ್ಮ ಅವರ ತಕರಾರನ್ನು ನಮೂದಿಸಲು ನಮೂನೆಯಲ್ಲಿ ಕಾಲಂ ಇಲ್ಲದ್ದರಿಂದ, ಅದನ್ನು ‘ಸಾರ್ವಜನಿಕರ ಮೆಚ್ಚುಗೆ ಮತ್ತು ಸಲಹೆಗಳು’ ಶೀರ್ಷಿಕೆಯಡಿ ಸೇರಿಸಲಾಗಿದೆ.

6. ಈ ಒಂದೇ ತಿಂಗಳಲ್ಲಿ ಮೂವತ್ತೊಂಬತ್ತು ಹಳೆಯ ಜಗಳಗಳು, ಜಗಳವಾಡುವವರಿಗೆ ಗೊತ್ತಿಲ್ಲದಂತೆಯೇ ಮುಗಿದಿರುವುದು ಹೆಮ್ಮೆಯ ವಿಷಯ. ಇದರಿಂದ ಉತ್ತೇಜಿತವಾಗಿ ಮುದಗಲ್ಲಿನಲ್ಲಿ ‘ಓಣಿಗೊಂದು ಸಂಖ್ಯೆ’ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಲಾಗುತ್ತಿದೆ. ಓಣಿಯ ಸಮಸ್ತ ವಾದಿ, ಪ್ರತಿವಾದಿ ಮತ್ತು ಸಾಕ್ಷಿಗಳ ಸಂದೇಶಗಳು ಕಿರಾಣಿ ಅಂಗಡಿಯ ಶ್ರೀ ಜಂಗ್ಲಿಸಾಬ್ ಅವರ ಫೋನಿಗೆ ಬರುತ್ತವೆ. ಅವರು ಒಪ್ಪಿದ್ದು, “ಚಾರ್ಜ್ ಯಾರು ಮಾಡಬೇಕ್ರೀ, ನಾನೋ ಸರ್ಕಾರಾನೋ?” ಎಂದು ಸ್ಪಷ್ಟೀಕರಣ ಕೋರಿದ್ದಾರೆ. ಕಡತ ಪರಿಶೀಲನೆಯಲ್ಲಿದೆ.

7. ನೌಕರರು ಪಕ್ಷಗಾರರಿಗೆ ಯಾವುದೇ ವಿಷಯವನ್ನು ಬಾಯಿಂದ ಹೇಳುವುದನ್ನಾಗಲಿ, ಕಾಗದವನ್ನು ಕೈಗೆ ಕೊಡುವುದನ್ನಾಗಲಿ ಸಂಪೂರ್ಣ ನಿಷೇಧಿಸಲಾಗಿದೆ. ಹನ್ನೆರಡನೆಯ ದಿನಾಂಕ ವಿಚಾರಿಸಲು ತಾವಾಗಿ ಬಸ್ಸು ಹಿಡಿದು ಬಂದ ಅಯ್ಯಮ್ಮ ಅವರಿಗೆ ಕು. ದೀಪಾ ಅವರು, “ಅಮ್ಮಾ, ನಿಮ್ಮ ಕೇಸ್ ಹೋದ ವಾರನ ಮುಗದೈತ್ರೀ. ಗದ್ದಿ ಮಾರಾಕ ಈಗ ಯಾರ ತಡೀನೂ ಇಲ್ರೀ. ಲಗೂನ ವಕೀಲರ ಕಡೆ ಹೋಗ್ರಿ” ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿರುವುದು ಸಾಬೀತಾಗಿದೆ. ಇಂಥ ಮನುಷ್ಯತ್ವದಿಂದ ವ್ಯವಸ್ಥೆಯ ಪಾರದರ್ಶಕತೆಗೆ ಧಕ್ಕೆಯಾಗುತ್ತದೆ. ಕಾರಣ ಕೇಳಿ ನೋಟಿಸು ನೀಡಲಾಗಿದೆ.

8. ಅಯ್ಯಮ್ಮ ಅವರ ಕೊನೆಯ ಹೇಳಿಕೆಯು ವಿಷಯಕ್ಕೆ ಸಂಬಂಧಿಸಿದ್ದಲ್ಲವಾದರೂ, ಅವರು ಎದ್ದು ಹೋಗಲು ಒಪ್ಪದ ಕಾರಣ ದಾಖಲಿಸಿಕೊಳ್ಳಲಾಗಿದೆ: “ಗದ್ದಿಗೆ ಬಡದಾಡೇ ಬಡದಾಡ್ತೀನ್ರೀ, ಅದು ನಮ್ಮಪ್ಪಂದು. ಆದ್ರ ಹನ್ನೊಂದು ಸಲ ಹೇಳ್ಯಾನ್ರೀ ಅಂವ. ಮಳ್ಯಾಗ ಸೈತ ಮಸ್ಕಿಯಾಗ ನಿಂತಾನ. ಹನ್ನೆರಡನೇದು ಯಾಕ ಹೇಳ್ಲಿಲ್ಲ, ಅದೊಂದು ನಿಮ್ಮ ಮಿಷನ್ನಿಗೆ ಕೇಳ್ರಿ.” ಪ್ರಶ್ನೆಯನ್ನು ತಂತ್ರಾಂಶಕ್ಕೆ ಸಲ್ಲಿಸಲಾಗಿ, ‘ಸಂದೇಶ ತಲುಪಿದೆ’ ಎಂಬ ಉತ್ತರ ಬಂದಿರುತ್ತದೆ. ಪ್ರಶ್ನೆ ಇತ್ಯರ್ಥವಾಗಿದೆ.

9. ನೊಂದವರು ಈ ಸುತ್ತೋಲೆ ತಲುಪಿದ ಮೂವತ್ತು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಸಲ್ಲಿಸುವ ವಿಧಾನವನ್ನು ನೋಂದಾಯಿತ ಮೊಬೈಲಿಗೆ ಮಾತ್ರ ತಿಳಿಸಲಾಗುವುದು.

ಇದನ್ನು ಪಾಲಿಸದವರನ್ನೂ ಪಾಲಿಸಿದವರೆಂದೇ ತಂತ್ರಾಂಶವು ಭಾವಿಸುತ್ತದೆ.

ಸಹಿ/-
(ಡಿಜಿಟಲ್ ಆದ್ದರಿಂದ ಕಾಣುವುದಿಲ್ಲ)
ಸಿದ್ದಲಿಂಗೇಶ
ಅಧೀಕ್ಷಕರು, ವ್ಯಾಜ್ಯ ಗಣಕೀಕರಣ ಉಪಕೋಶ

ಪ್ರತಿಗಳು:
1. ಮೂರೂ ತಾಲೂಕುಗಳ ಎಲ್ಲ ಕೌಂಟರುಗಳಿಗೆ, ಗಾಜಿನ ಒಳಬದಿಗೆ, ಅಕ್ಷರ ಒಳಮುಖವಾಗಿ ಅಂಟಿಸಲು.
2. ಕು. ದೀಪಾ, ಡಾಟಾ ಎಂಟ್ರಿ ಆಪರೇಟರ್, ನೋಟಿಸಿನೊಂದಿಗೆ.
3. ಶ್ರೀ ಜಂಗ್ಲಿಸಾಬ್, ಮುದಗಲ್, ಚಾರ್ಜರ್ ಇಲ್ಲದೆ.
4. ಶ್ರೀ ಹುಲಿಗೇಶ, ಪ್ರತಿವಾದಿ, ಬಳಗಾನೂರು, ನೋಂದಾಯಿತ ಮೊಬೈಲಿಗೆ. ತಲುಪಿದೆ.
5. ಶ್ರೀಮತಿ ಅಯ್ಯಮ್ಮ, ವಾದಿ, ಗುರುಗುಂಟಾ, ನೋಂದಾಯಿತ ಮೊಬೈಲಿಗೆ. ತಲುಪಿದೆ. (ಇವರು ಬೆಳಗಿನಿಂದ ಉಪಕೋಶದ ಬಾಗಿಲಲ್ಲೇ ಕುಳಿತಿದ್ದಾರೆ. ಯಾರೂ ಏನೂ ಹೇಳತಕ್ಕದ್ದಲ್ಲ.)